ಮನೆಗೆ ಕಂದಾಯ ಸರಿ, ಮನೆಯವರ ಜಾತಕವೇಕೆ?

ನಿಮ್ಮ ಮನೆಗೆ ಎಷ್ಟು ನಂಬರುಗಳಿವೆ ಎಂದು ಯಾವತ್ತಾದರೂ ಎಣಿಸಿದ್ದೀರಾ? ಬಾಗಿಲ ಪಕ್ಕದ ಡೋರ್ ನಂಬರ್ ಒಂದಾಯಿತು. ಕರೆಂಟ್ ಬಿಲ್ಲಿನ ಆರ್‌.ಆರ್. ನಂಬರ್ ಎರಡು. ನೀರಿನ ಬಿಲ್ಲಿಗೆ ಬೇರೆ, ಗ್ಯಾಸ್ ಪುಸ್ತಕಕ್ಕೆ ಬೇರೆ, ಪಾಲಿಕೆಯ ಖಾತೆಗೆ ಬೇರೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರಕ್ಕೆ ಬೇರೆ. ಒಳಗಿರುವವರ ಆಧಾರ್, ಪಾನ್, ವೋಟರ್ ಐ.ಡಿ., ರೇಷನ್ ಕಾರ್ಡು, ಮೊಬೈಲು ಸೇರಿಸಿ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಮೀಟರ್ ರೀಡರ್ ಬಂದು ಅಂಟಿಸಿ ಹೋದ ಚೀಟಿಯ ನಂಬರನ್ನೂ ಮರೆಯಬೇಡಿ. ನಮ್ಮದು ನಾಲ್ಕು ಜನರ ಮನೆ. ಒಂದು ಭಾನುವಾರ ಕೂತು ಎಣಿಸಿದೆ, ಇಪ್ಪತ್ತು ದಾಟಿತು. ‘ಇಷ್ಟು ಪುರುಸೊತ್ತಿದ್ದರೆ ಇಂಟರ್ನಲ್ಸ್‌ಗಾದರೂ ಓದಬಾರದಾ’ ಎಂದು ಅಮ್ಮ ಗದರಿದಳು.

ಇಷ್ಟು ವರ್ಷ ಈ ನಂಬರುಗಳು ಒಂದರ ಮುಖ ಇನ್ನೊಂದು ನೋಡಿರಲಿಲ್ಲ. ಕರೆಂಟಿನವರಿಗೆ ನಮ್ಮ ಕಂದಾಯದ ಲೆಕ್ಕ ಗೊತ್ತಿರಲಿಲ್ಲ, ಕಂದಾಯದವರಿಗೆ ನಮ್ಮ ರೇಷನ್ ಕಾರ್ಡಿನ ಬಣ್ಣ ಗೊತ್ತಿರಲಿಲ್ಲ. ಈಗ ಒಂದೊಂದೇ ಪರಿಚಯ ಮಾಡಿಕೊಳ್ಳುತ್ತಿವೆ. ಪರಿಚಯ ಮಾಡಿಸುತ್ತಿರುವ ದಲ್ಲಾಳಿಯ ಹೆಸರು ಇ–ಖಾತಾ.

2024ರ ಅಕ್ಟೋಬರ್‌ನಿಂದ ರಾಜ್ಯದ ನಗರಗಳಲ್ಲಿ ಇ–ಖಾತಾ ಇಲ್ಲದೆ ಆಸ್ತಿ ನೋಂದಣಿ ಇಲ್ಲ. ಮೈಸೂರಿನಂಥ ಊರುಗಳಲ್ಲಿ ಇದು ಪೌರಾಡಳಿತ ನಿರ್ದೇಶನಾಲಯದ ‘ಇ–ಆಸ್ತಿ’ ತಂತ್ರಾಂಶದ ಮೂಲಕ ಆಗುತ್ತದೆ. ಕ್ರಯಪತ್ರ, ಋಣಭಾರ ಪತ್ರ, ಕಂದಾಯ ಕಟ್ಟಿದ ರಶೀದಿ, ಮನೆಯ ಫೋಟೊ, ಮಾಲೀಕರ ಫೋಟೊ, ಗುರುತಿನ ಚೀಟಿ ಎಲ್ಲವನ್ನೂ ಕೊಡಬೇಕು. ಬೆಂಗಳೂರಿನಲ್ಲಾದರೆ ಇದರ ಜೊತೆಗೆ ಆಧಾರ್ ಇ–ಕೆವೈಸಿ, ಬೆಸ್ಕಾಂ ಖಾತೆಯ ನಂಬರು, ಮನೆ ಇರುವ ಜಾಗದ ಜಿಪಿಎಸ್ ಗುರುತು. 2025ರ ಫೆಬ್ರುವರಿಯಲ್ಲಿ ಅನಧಿಕೃತ ಬಡಾವಣೆಗಳಿಗೂ ‘ಬಿ’ ಖಾತಾ ಕೊಡುವ ಅಭಿಯಾನ ಶುರುವಾದ ಮೇಲೆ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರದ ಕಡೆಯ ಜೆರಾಕ್ಸ್ ಅಂಗಡಿಗಳಿಗೆ ಊಟಕ್ಕೂ ಬಿಡುವಿಲ್ಲದಂತಾಯಿತು.

ಇ–ಖಾತಾ ಕೆಟ್ಟದ್ದು ಎಂದು ನಾನು ಹೇಳಲು ಹೊರಟಿಲ್ಲ. ಒಂದೇ ಸೈಟನ್ನು ಮೂವರಿಗೆ ಮಾರಿದ ಕಥೆಗಳನ್ನು ಕೇಳುತ್ತಲೇ ಬೆಳೆದವರು ನಾವು. ಸತ್ತವರ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಿಸಿದ ಕಥೆಗಳೂ ಗೊತ್ತು. ಅಂಥದ್ದಕ್ಕೆ ಇದು ಒಳ್ಳೆಯ ಮದ್ದು. ಕಂದಾಯವೂ ಬೇಡ ಎನ್ನುವವಳಲ್ಲ. ಬೆಳಿಗ್ಗೆ ಆರಕ್ಕೆ ಬೀದಿ ಗುಡಿಸುವ ಪೌರಕಾರ್ಮಿಕರ ಸಂಬಳ, ದೀಪದ ಕಂಬ, ಚರಂಡಿ ಎಲ್ಲ ಬರುವುದು ಆ ದುಡ್ಡಿನಿಂದಲೇ. ‘ಸ್ವಚ್ಛ ನಗರಿ’ ಎಂದು ಎದೆ ತಟ್ಟಿಕೊಳ್ಳುವ ನಾವು ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ಇರುವಾಗಲೇ ಕಟ್ಟಿಬಿಡುವುದು ಮರ್ಯಾದೆ. ನನ್ನ ತಕರಾರು ಬೇರೆ. ಕಂದಾಯ ವಸೂಲಿಗೆಂದು ಯಾರು ಯಾರ ದಾಖಲೆಯನ್ನು ಎಲ್ಲಿಂದ ತೆಗೆದು ಎಲ್ಲಿಗೆ ಜೋಡಿಸುತ್ತಿದ್ದಾರೆ, ಅದಕ್ಕೆ ಬೇಲಿ ಎಲ್ಲಿದೆ ಎಂಬುದು.

ಜೋಡಿಸುವುದು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿ.ಇ. ಓದುವ ನಮಗೆ ಡೇಟಾಬೇಸ್ ಲ್ಯಾಬಿನಲ್ಲಿ ಮೊದಮೊದಲು ಕಲಿಸುವ ಸಂಗತಿಗಳಲ್ಲಿ ‘ಜಾಯಿನ್’ ಒಂದು. ಎರಡು ಪಟ್ಟಿಗಳಿವೆ ಅನ್ನಿ. ಒಂದು ಹಾಲಿನವರ ಲೆಕ್ಕದ ಪುಸ್ತಕ, ಇನ್ನೊಂದು ದಿನಸಿ ಅಂಗಡಿಯ ಸಾಲದ ಪುಸ್ತಕ. ಬೇರೆ ಬೇರೆಯಾಗಿ ನೋಡಿದರೆ ಒಂದರಲ್ಲಿ ಹಾಲು, ಇನ್ನೊಂದರಲ್ಲಿ ಅಕ್ಕಿ ಬೇಳೆ. ಎರಡರಲ್ಲೂ ಇರುವ ಮನೆ ನಂಬರ್ ಹಿಡಿದು ಜೋಡಿಸಿ. ಈ ಮನೆಗೆ ನೆಂಟರು ಯಾವಾಗ ಬಂದರು, ಯಾವ ತಿಂಗಳು ಕೈ ಬಿಗಿಯಿತ್ತು, ಮಗುವಿಗೆ ಹಾಲು ಯಾವಾಗ ನಿಂತಿತು ಎಲ್ಲ ಹೊರಗೆ ಬರುತ್ತದೆ. ಹಾಲಿನವರೂ ಅಂಗಡಿಯವರೂ ನಮ್ಮಿಂದ ಕದ್ದದ್ದು ಏನೂ ಇಲ್ಲ, ನಾವೇ ಕೊಟ್ಟದ್ದು. ಆದರೂ ಎರಡು ಪುಸ್ತಕ ಪಕ್ಕ ಪಕ್ಕ ಇಟ್ಟ ಕೂಡಲೇ ನಾವು ಯಾರಿಗೂ ಹೇಳದಿದ್ದ ಮೂರನೆಯ ಪುಸ್ತಕವೊಂದು ಹುಟ್ಟುತ್ತದೆ. ಲ್ಯಾಬಿನಲ್ಲಿ ಇದಕ್ಕೆ ಬೇಕಾಗುವುದು ಮೂರು ನಾಲ್ಕು ಸಾಲಿನ ಕ್ವೆರಿ.

ಹಿಂದೆಯೂ ಬೀದಿಯ ಗುಟ್ಟೆಲ್ಲ ಬಿಲ್ ಕಲೆಕ್ಟರಿಗೆ ಗೊತ್ತಿತ್ತಂತೆ. ಯಾರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾರೆ, ಯಾರ ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ ಎಂದು ಬಾಯಲ್ಲೇ ಹೇಳುತ್ತಿದ್ದರಂತೆ. ಆದರೆ ಅವರಿಗೆ ಮರೆವಿತ್ತು, ವರ್ಗವಾಗುತ್ತಿತ್ತು, ನಿವೃತ್ತಿಯೂ ಆಗುತ್ತಿತ್ತು. ಸರ್ವರ್‌ಗೆ ಇವು ಮೂರೂ ಇಲ್ಲ.

ಬೆಂಗಳೂರಿನ ಉದಾಹರಣೆ ನೋಡಿ. ಆಸ್ತಿ ತೆರಿಗೆಯಲ್ಲಿ ಸ್ವಯಂ ಘೋಷಣೆ ಪದ್ಧತಿ ಅಲ್ಲಿ ಶುರುವಾದದ್ದು 2000ದಲ್ಲಿ, ಆಮೇಲೆ ರಾಜ್ಯದ ಉಳಿದ ನಗರಗಳಿಗೂ ಬಂತು. ನೀವೇ ಅಳೆಯಿರಿ, ನೀವೇ ಲೆಕ್ಕ ಹಾಕಿ, ನೀವೇ ಕಟ್ಟಿ ಎಂಬ ನಂಬಿಕೆಯ ಪದ್ಧತಿ ಅದು. ನಂಬಿಕೆಯನ್ನು ದುರುಪಯೋಗ ಮಾಡಿಕೊಂಡವರು ಕಡಿಮೆಯಿಲ್ಲ. ಮೂರು ಮಹಡಿ ಕಟ್ಟಿ ಒಂದಕ್ಕೆ ತೆರಿಗೆ ಕಟ್ಟುವವರು, ಅಂಗಡಿ ಮಳಿಗೆಯನ್ನು ವಾಸದ ಮನೆ ಎಂದು ಬರೆಯುವವರು ಎಲ್ಲ ಊರಿನಲ್ಲೂ ಇದ್ದಾರೆ. ಇವರನ್ನು ಹಿಡಿಯಲು ಅಂದಿನ ಬಿಬಿಎಂಪಿ ತನ್ನ ತೆರಿಗೆ ಪಟ್ಟಿಯನ್ನು ಬೆಸ್ಕಾಂನ ಮೀಟರ್ ಪಟ್ಟಿಯೊಂದಿಗೆ ತಾಳೆ ನೋಡುವ ದಾರಿ ಹಿಡಿಯಿತು. ವಾಣಿಜ್ಯ ಮೀಟರ್ ಇರುವ ಕಟ್ಟಡ ವಾಸದ ತೆರಿಗೆ ಕಟ್ಟುತ್ತಿದೆ ಎಂದರೆ ನೋಟಿಸ್. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮೀಟರ್ ಯಾವ ಬಗೆಯದು ಎಂಬುದು ಕಟ್ಟಡದ ಸಂಗತಿ ತಾನೇ?

ಕಟ್ಟಡದಲ್ಲೇ ನಿಂತರೆ ಸರಿ. ಆದರೆ 2023ರ ಜೂನ್‌ನಿಂದೀಚೆಗೆ ಆ ಮೀಟರಿಗೆ ಮನುಷ್ಯರೂ ಅಂಟಿಕೊಂಡಿದ್ದಾರೆ. ಗೃಹಜ್ಯೋತಿಗೆ ಅರ್ಜಿ ಹಾಕುವಾಗ ಬಾಡಿಗೆದಾರರೂ ತಮ್ಮ ಆಧಾರ್ ನಂಬರನ್ನು ಆರ್‌.ಆರ್. ನಂಬರಿಗೆ ಜೋಡಿಸಿದರು. ಉಚಿತ ವಿದ್ಯುತ್ ಬೇಕೆಂದು ಕೊಟ್ಟ ಮಾಹಿತಿ ಅದು. ಬೆಂಗಳೂರಿನ ತೆರಿಗೆ ಪದ್ಧತಿಯಲ್ಲಿ ಮಾಲೀಕರೇ ವಾಸವಿರುವ ಮನೆಗಿಂತ ಬಾಡಿಗೆ ಕೊಟ್ಟ ಮನೆಯ ದರ ಎರಡರಷ್ಟು. ಅಂದಮೇಲೆ ಯಾವ ಮನೆಯಲ್ಲಿ ಬಾಡಿಗೆದಾರರಿದ್ದಾರೆ ಎಂಬ ಪಟ್ಟಿ ತೆರಿಗೆಯವರಿಗೆ ಬಂಗಾರ. ಗೃಹಜ್ಯೋತಿ ಶುರುವಾದಾಗ ಎಷ್ಟೋ ಮಾಲೀಕರು ಬಾಡಿಗೆ ಕರಾರು ಮಾಡಿಕೊಡಲು ಹಿಂದೆ ಮುಂದೆ ನೋಡಿದ್ದು ಈ ಲೆಕ್ಕ ಹಾಕಿಯೇ.

ನಮ್ಮ ಮೈಸೂರಿನಲ್ಲೂ ಆ ಭಯದ ನೆರಳು ಬಿದ್ದಿದೆ. ನನ್ನ ಸಹಪಾಠಿಗಳಲ್ಲಿ ಅರ್ಧ ಜನ ಹೊರ ಊರಿನವರು, ನಾಲ್ಕೈದು ಮಂದಿ ಸೇರಿ ಮನೆ ಮಾಡಿಕೊಂಡವರು. ಒಬ್ಬಳ ಮನೆ ಮಾಲೀಕರು ಅಗ್ರಿಮೆಂಟ್ ಬೇಡವೇ ಬೇಡ ಎಂದರು. ಬಾಡಿಗೆ ಕೈಗೆ ಕೊಡಿ, ಫೋನ್‌ ಪೇ ಮಾಡಬೇಡಿ, ಯಾರಾದರೂ ಕೇಳಿದರೆ ‘ಸಂಬಂಧಿಕರು’ ಅನ್ನಿ ಎಂದರು. ಅಗ್ರಿಮೆಂಟ್ ಇಲ್ಲದ್ದರಿಂದ ಅವಳಿಗೆ ವಿಳಾಸದ ಪುರಾವೆ ಇಲ್ಲ. ಮನೆ ಬಿಡುವಾಗ ಅಡ್ವಾನ್ಸ್ ವಾಪಸ್ ಬರದಿದ್ದರೆ ಕೇಳಲು ಕಾಗದವೂ ಇಲ್ಲ. ಹೇಳುವುದಾದರೆ ಮಾಲೀಕರು ಕಳ್ಳರಲ್ಲ, ನಿವೃತ್ತ ಮೇಷ್ಟ್ರು. ಅವರಿಗೆ ನಿಯಮ ಸರಿಯಾಗಿ ಗೊತ್ತಿಲ್ಲ. ಯಾವ ಕಾಗದ ಯಾವ ಇಲಾಖೆಗೆ ಹೋಗಿ ಯಾವ ರೂಪದಲ್ಲಿ ತಿರುಗಿ ಬರುತ್ತದೋ ಎಂಬ ಅಂಜಿಕೆ ಅಷ್ಟೆ. ದಾಖಲೆ ಜೋಡಿಸಿದರೆ ಸತ್ಯ ಹೊರಗೆ ಬರುತ್ತದೆ ಎಂದು ನಂಬುವ ಅಧಿಕಾರಿಗಳು ಇದನ್ನು ಗಮನಿಸಬೇಕು. ಬೇಲಿ ಇಲ್ಲದ ಕಡೆ ಜನ ಸತ್ಯ ಬರೆಯುವುದನ್ನೇ ನಿಲ್ಲಿಸುತ್ತಾರೆ. ಆಗ ಕರೆಂಟಿನ ಪಟ್ಟಿಯೂ ಕೆಡುತ್ತದೆ, ಕಂದಾಯದ ಪಟ್ಟಿಯೂ ಕೆಡುತ್ತದೆ.

ಈ ಮಾತು ಮನೆಯಲ್ಲಿ ಎತ್ತಿದಾಗ ನಮ್ಮ ಚಿಕ್ಕಪ್ಪ ಒಂದೇ ಗಾದೆಯಲ್ಲಿ ಮುಗಿಸಿದರು. ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಕಂದಾಯ ಸರಿಯಾಗಿ ಕಟ್ಟಿರೋನು ಯಾಕೆ ಹೆದರ್ಬೇಕು?’ ಕೇಳಲು ಖಡಕ್ಕಾಗಿದೆ. ಈ ಗಾದೆಗೆ ಉತ್ತರ ಹುಡುಕುತ್ತಿದ್ದಾಗಲೇ ನಮ್ಮ ಬೀದಿಯ ಅಜ್ಜಿಯೊಬ್ಬರ ಜೊತೆ ಇ–ಖಾತಾ ಅರ್ಜಿಗೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು.

ಅಜ್ಜಿ ಒಬ್ಬರೇ ಇದ್ದಾರೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮನೆ ಅವರ ಹೆಸರಿಗೇ ಇದೆ. ಕಂದಾಯ ಒಂದು ವರ್ಷವೂ ಬಾಕಿ ಇಲ್ಲ. ರಶೀದಿಗಳನ್ನೆಲ್ಲ ಹಾರ್ಲಿಕ್ಸ್ ಡಬ್ಬಿಯಲ್ಲಿ ಸುರುಳಿ ಸುತ್ತಿ ಇಟ್ಟಿದ್ದಾರೆ. ಹಳೆಯ ಪತ್ರದಲ್ಲಿ ಅವರ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಗಂಡನ ಹೆಸರಿದೆ. ಆಧಾರ್‌ನಲ್ಲಿ ಅವರ ಹೆಸರು ಮಾತ್ರ, ಅದೂ ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚಾಗಿ. ಕರೆಂಟ್ ಬಿಲ್ ಇನ್ನೂ ಮಾವನವರ ಹೆಸರಿನಲ್ಲಿ! ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಬೀದಿಯ ಯಾವ ಮಗುವನ್ನು ಕೇಳಿದರೂ ಇದು ಯಾರ ಮನೆ ಎಂದು ಹೇಳುತ್ತದೆ. ಆದರೆ ಕೌಂಟರಿನಲ್ಲಿ ಕೂತವರು ‘ಮ್ಯಾಚ್ ಆಗ್ತಿಲ್ಲಮ್ಮ’ ಎಂದು ಮೂರು ಸಲ ವಾಪಸ್ ಕಳಿಸಿದರು. ಕೊನೆಗೆ ಒಬ್ಬ ಮಧ್ಯವರ್ತಿ, ಎಲ್ಲ ದಾಖಲೆಯ ಫೋಟೊ ತೆಗೆದು ನನ್ನ ವಾಟ್ಸ್‌ಆ್ಯಪ್‌ಗೆ ಹಾಕಿ, ನಾನು ಮಾಡಿಸ್ತೀನಿ ಎಂದ.

ಒಂದು ಕ್ಷಣ ಯೋಚಿಸಿ. ಕ್ರಯಪತ್ರ, ಆಧಾರ್, ಸಹಿ, ಫೋಟೊ, ಮನೆಯ ಚಿತ್ರ, ಫೋನ್ ನಂಬರು ಎಲ್ಲವೂ ಗುರುತಿಲ್ಲದ ಒಬ್ಬರ ಮೊಬೈಲಿನಲ್ಲಿ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ. ಊರಿಗೆ ಊರೇ ಹೀಗೆ ಕಳಿಸುತ್ತಿದೆ. ಸರ್ವರ್‌ಗೆ ಎಂಥ ಬೀಗ ಹಾಕಿದರೂ ಕೀಲಿಯ ನಕಲು ಜೆರಾಕ್ಸ್ ಅಂಗಡಿಯ ಡೆಸ್ಕ್‌ಟಾಪ್ ಮೇಲೆ ಬಿದ್ದಿರುತ್ತದೆ.

ಅಜ್ಜಿಯ ಚಿಂತೆ ಇದ್ಯಾವುದೂ ಆಗಿರಲಿಲ್ಲ. ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳಿದಾಗ ನನ್ನನ್ನು ಪಕ್ಕಕ್ಕೆ ಕರೆದರು. ‘ಮಗನ ನಂಬರು ಹಾಕ್ಬ್ಯಾಡ ಕಣವ್ವ. ಮನೆ ಪತ್ರ ಮಾಡಿಸ್ತಾವ್ಳೆ ಅಂತ ಗೊತ್ತಾದ್ರೆ ನಾಳೆನೇ ಬಂದು ಬರ್ಕೊಡು ಅಂತಾನೆ.’ ಅವರ ಬಳಿ ಇದ್ದ ಸಣ್ಣ ಫೋನಿಗೆ ಸಿಮ್ ತೆಗೆಸಿಕೊಟ್ಟವನು ಆ ಮಗನೇ. ಓಟಿಪಿ ಎಲ್ಲಿಗೆ ಹೋಗಬೇಕು ಎಂಬ ಒಂದು ಪ್ರಶ್ನೆಯ ಹಿಂದೆ ಒಬ್ಬ ಮುದುಕಿಯ ಇಡೀ ಭದ್ರತೆ ನಿಂತಿತ್ತು. ಚಿಕ್ಕಪ್ಪನ ಕುಂಬಳಕಾಯಿಗೆ ಉತ್ತರ ನನಗೆ ಅಲ್ಲೇ ಸಿಕ್ಕಿತು. ಅಜ್ಜಿ ಏನನ್ನೂ ಕದ್ದಿಲ್ಲ. ಆದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ, ಏಕೆಂದರೆ ಆ ಹೆಗಲ ಮೇಲೆ ಕೈ ಹಾಕಲು ಕಾದವರು ಮನೆಯೊಳಗೇ ಇದ್ದಾರೆ. ಖಾಸಗಿತನ ಎಂದರೆ ಸರ್ಕಾರದಿಂದ ಬಚ್ಚಿಡುವುದು ಎಂದೇ ನಾವು ತಿಳಿದಿದ್ದೇವೆ. ಸರ್ಕಾರಕ್ಕೆ ಕೊಟ್ಟದ್ದು ಸರ್ಕಾರದ ಬಳಿಯೇ ಇರಲಿ ಎನ್ನುವುದೂ ಅದೇ.

ಸರ್ಕಾರದ ಬಳಿಯೇ ಇರುತ್ತದೆಯೇ? ಬೆಂಗಳೂರಿನ ಆಸ್ತಿ ತೆರಿಗೆ ಜಾಲತಾಣದಲ್ಲಿ ಯಾರದೋ ಮೊಬೈಲ್ ನಂಬರ್ ಹಾಕಿದರೆ ಅವರ ಆಸ್ತಿಯ ವಿವರ ಕಾಣುತ್ತದೆ ಎಂದು 2023ರಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯವರು ಪಾಲಿಕೆಯ ಗಮನಕ್ಕೆ ತಂದಿದ್ದರು. ಅಂದರೆ ಹುಡುಗಿಯ ಫೋನ್ ನಂಬರ್ ಸಿಕ್ಕ ಯಾವ ಪುಂಡನಿಗೂ ಅವಳ ಮನೆ ಸಿಗುತ್ತದೆ. ಮರು ವರ್ಷ ಇ–ಖಾತಾ ಕರಡುಗಳನ್ನು ಅಂತರ್ಜಾಲದಲ್ಲಿ ಹಾಕಿದಾಗ ವಾರ್ಡ್ ಆರಿಸಿ, ಹೆಸರು ಹುಡುಕಿದರೆ ಮಾಲೀಕರ ಪಟ್ಟಿ ತೆರೆದುಕೊಳ್ಳುತ್ತಿತ್ತು. ತಪ್ಪಿದ್ದರೆ ಜನರೇ ತಿದ್ದಿಸಿಕೊಳ್ಳಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ನನ್ನ ಮನೆಯ ಕರಡನ್ನು ನಾನು ನೋಡಲು ಊರಿಗೆಲ್ಲ ತೋರಿಸಬೇಕಾಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ನೋಂದಣಿ ಇಲಾಖೆಯ ‘ಕಾವೇರಿ’ಯದು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಹಲವರ ಬ್ಯಾಂಕ್ ಖಾತೆಯಿಂದ ಇದ್ದಕ್ಕಿದ್ದಂತೆ ಹಣ ಮಾಯವಾಗತೊಡಗಿತು. ಅವರು ಓಟಿಪಿ ಹೇಳಿರಲಿಲ್ಲ, ಯಾವ ಲಿಂಕೂ ಒತ್ತಿರಲಿಲ್ಲ. ಹೆಚ್ಚಿನವರಲ್ಲಿ ಒಂದು ಸಾಮ್ಯವಿತ್ತು. ಸ್ವಲ್ಪ ಕಾಲದ ಹಿಂದೆ ಆಸ್ತಿ ನೋಂದಣಿ ಮಾಡಿಸಿದ್ದರು. ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ, ಆಧಾರ್ ನಂಬರೂ ಇರುತ್ತದೆ. ವಂಚಕರು ಆ ಪತ್ರಗಳ ಪ್ರತಿ ಪಡೆದು, ಬೆರಳಚ್ಚಿನ ಅಚ್ಚು ತಯಾರಿಸಿ, ಆಧಾರ್ ಮೂಲಕ ಹಣ ತೆಗೆಯುವ ಯಂತ್ರಕ್ಕೆ ಒತ್ತಿದರು. ಅದರಲ್ಲಿ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪೊಲೀಸರು ಹಿಡಿದರು, ಇಲಾಖೆ ಆಮೇಲೆ ಪ್ರತಿಗಳಲ್ಲಿ ಹೆಬ್ಬೆಟ್ಟನ್ನು ಮರೆಮಾಡಿತು, ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಬುದ್ಧಿ ಹೇಳಿದ್ದೂ ಆಯಿತು. (ನೀವು ಇನ್ನೂ ಮಾಡಿಲ್ಲವಾದರೆ ಎಂ–ಆಧಾರ್ ಆ್ಯಪ್‌ನಲ್ಲಿ ಇವತ್ತೇ ಮಾಡಿಕೊಳ್ಳಿ, ಎರಡು ನಿಮಿಷದ ಕೆಲಸ.) ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಹೆಬ್ಬೆಟ್ಟು ಕಳುವಾದರೆ?

ಜೋಡಣೆಯಲ್ಲಿ ತಪ್ಪಾದರೆ ಏನಾಗುತ್ತದೆ ಎಂದು ತಿಳಿಯಲು ಪಕ್ಕದ ತೆಲಂಗಾಣಕ್ಕೆ ಹೋಗಬೇಕು. ಅಲ್ಲಿ ‘ಸಮಗ್ರ ವೇದಿಕೆ’ ಎಂಬ ವ್ಯವಸ್ಥೆ ಇದೆ. ಆಸ್ತಿ ತೆರಿಗೆ, ವಾಹನ, ವಿದ್ಯುತ್ ಹೀಗೆ ಹತ್ತಾರು ಇಲಾಖೆಗಳ ಪಟ್ಟಿಯನ್ನು ಹೆಸರು, ವಿಳಾಸ ಹಿಡಿದು ಜೋಡಿಸಿ ಪ್ರತಿ ಕುಟುಂಬದ ಚಿತ್ರ ಬಿಡಿಸುವ ತಂತ್ರಾಂಶ. ಒಂದೇ ಹೆಸರಿನ ಬೇರೆ ಯಾರದೋ ಕಾರು ಬಡವರೊಬ್ಬರ ತಲೆಗೆ ಕಟ್ಟಿಕೊಂಡ ಪ್ರಕರಣಗಳು ವರದಿಯಾಗಿವೆ. ಕಾರಿದ್ದವರಿಗೆ ರೇಷನ್ ಇಲ್ಲ. ಸ್ಥಳಕ್ಕೆ ಹೋಗಿ ಪರಿಶೀಲಿಸದೆ ರದ್ದು ಮಾಡಿದ ಸುಮಾರು 19 ಲಕ್ಷ ಕಾರ್ಡುಗಳನ್ನು ಮತ್ತೆ ಮನೆ ಮನೆಗೆ ಹೋಗಿ ನೋಡಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಮ್ಮಲ್ಲೇ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ಕಂಪ್ಯೂಟರ್ ತಾಳೆಯ ಮೇಲೆ ರದ್ದಾಗಿ, ಗಲಾಟೆಯಾದ ಮೇಲೆ ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಎಂದು ಮುಖ್ಯಮಂತ್ರಿ ಹೇಳಿದ್ದು ನೆನಪಿರಬಹುದು. ಆಸ್ತಿಯ ದಾಖಲೆ ಬರೀ ಆಸ್ತಿಯ ಕಚೇರಿಯಲ್ಲಿ ಕೂತಿರುವುದಿಲ್ಲ ಎಂಬುದನ್ನು ಇದು ತೋರಿಸುತ್ತದೆ. ಇವತ್ತು ಕರೆಂಟಿನ ಪಟ್ಟಿಯಿಂದ ಕಂದಾಯ ಹುಡುಕಿದವರು ನಾಳೆ ಕಂದಾಯದ ಪಟ್ಟಿಯಿಂದ ಅಕ್ಕಿ ಕಿತ್ತುಕೊಳ್ಳಬಹುದು. ‘ಕೋಂ’ ಮ್ಯಾಚ್ ಆಗದ ಅಜ್ಜಿ ಅಲ್ಲಿ ಏನಾಗುತ್ತಾರೋ!

ಖಾಸಗಿತನದ ಮಾತು ಬಂದಾಗ ಮೈಸೂರಿನವರು ಸ್ವಲ್ಪ ಹೆಮ್ಮೆಪಡಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಓದಿದ್ದು ನಮ್ಮ ಮಹಾರಾಜ ಕಾಲೇಜಿನಲ್ಲಿ. ಆಧಾರ್ ವಿರುದ್ಧ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ, 2012ರಲ್ಲಿ, ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದದ್ದು ಅವರ ಹೆಸರಿನ ಪ್ರಕರಣದಲ್ಲೇ. 2024ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಾಲೇಜಿನಲ್ಲಿ ಎಷ್ಟು ಜನರಿಗೆ ಹೆಸರು ಗೊತ್ತಿತ್ತು ಎಂದು ಕೇಳಬೇಡಿ. ಆ ತೀರ್ಪು ಹೇಳಿದ್ದು ಸರಳ. ಸರ್ಕಾರ ನಮ್ಮ ಖಾಸಗಿ ಬದುಕಿಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಉದ್ದವಾಗಬೇಕು. ಕಂದಾಯ ವಸೂಲಿ ನ್ಯಾಯವಾದ ಉದ್ದೇಶ, ಅನುಮಾನವಿಲ್ಲ. ಪ್ರಶ್ನೆ ಇರುವುದು ಕೈಯ ಉದ್ದದಲ್ಲಿ. ಮನೆ ಎಷ್ಟು ಚದರ ಇದೆ ಎಂದು ತಿಳಿಯಲು ಅದರೊಳಗೆ ಯಾರು ಮಲಗುತ್ತಾರೆ ಎಂದು ತಿಳಿಯಬೇಕೇ?

ಹೊಸ ಕಾನೂನು ಬಂದಿದೆಯಲ್ಲ ಎನ್ನಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟುಪಾಡುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು. ಬಂದ ಮೇಲೂ, ಕಾನೂನಿನಡಿಯ ತನ್ನ ಕೆಲಸಕ್ಕೆ ಸರ್ಕಾರ ನಮ್ಮ ಒಪ್ಪಿಗೆ ಕೇಳಬೇಕಾಗಿಲ್ಲ, ತೆರಿಗೆ ಅಂಥ ಕೆಲಸವೇ. ಕಿರಾಣಿ ಆ್ಯಪ್ ನನ್ನ ಅನುಮತಿ ಕೇಳಬೇಕು, ಪಾಲಿಕೆ ಕೇಳಬೇಕಾಗಿಲ್ಲ. ಇದೇ ಕಾಯ್ದೆ ಮಾಹಿತಿ ಹಕ್ಕಿನ ಒಂದು ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂದು ಹೇಳಿ ಉತ್ತರ ನಿರಾಕರಿಸುವ ದಾರಿಯನ್ನು ಅಧಿಕಾರಿಗಳಿಗೆ ಅಗಲ ಮಾಡಿಕೊಟ್ಟಿದೆ. ಆ ತಿದ್ದುಪಡಿಗೆ ಮಾತ್ರ 18 ತಿಂಗಳು ಕಾಯಿಸಲಿಲ್ಲ.

ಹಾಗಾದರೆ ಬೇಲಿ ಹಾಕಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ನಮ್ಮ ದೇಶದಲ್ಲೇ ಹಾಕಿದ್ದಾರೆ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿಯಲ್ಲಿ ನಾವು ಕೊಟ್ಟ ವಿವರವನ್ನು ಯಾರೂ ತೆಗೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಗಣತಿಯವರು ಮನೆಯಲ್ಲಿ ಎಷ್ಟು ಕೋಣೆ ಇದೆ ಎಂದು ಕೇಳಿದಾಗ ಜನ ನಿಜ ಹೇಳುವುದಕ್ಕೆ ಕಾರಣ ಅದು ಕಂದಾಯದವರ ಕಿವಿಗೆ ಬೀಳುವುದಿಲ್ಲ ಎಂಬ ಭರವಸೆ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಮೀಕ್ಷೆ ಶುರುವಾದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಅರವತ್ತು ಪ್ರಶ್ನೆಗಳು, ಅದರಲ್ಲಿ ಆಸ್ತಿ, ಆದಾಯವೂ ಸೇರಿದ್ದವು. ಪ್ರಶ್ನೆ ಹೆಚ್ಚಾಯಿತು ಎಂದು ಉಪಮುಖ್ಯಮಂತ್ರಿಯವರೇ ಗೊಣಗಿದ್ದು ಸುದ್ದಿಯಾಗಿತ್ತು. ಮೀಟರ್ ಮೂಲಕ ಮನೆ ಗುರುತಿಸಿದ್ದರಿಂದ ‘ಇದು ಕಂದಾಯ ಏರಿಸೋಕೇನಾ’ ಎಂದು ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಕೇಳಿದರು. ಸೆಪ್ಟೆಂಬರ್ 25ರಂದು ಹೈಕೋರ್ಟ್ ಸಮೀಕ್ಷೆಯನ್ನು ತಡೆಯಲಿಲ್ಲ. ಆದರೆ ಉತ್ತರಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಸಂಗ್ರಹಿಸಿದ ಮಾಹಿತಿ ಆಯೋಗದ ಬಳಿಯೇ ಗೋಪ್ಯವಾಗಿರಬೇಕು ಎಂದಿತು. ಒಂದು ಕೆಲಸಕ್ಕೆ ಪಡೆದ ಮಾಹಿತಿ ಆ ಕೆಲಸಕ್ಕಷ್ಟೇ ಎಂಬ ಮಾತು ಆದೇಶದ ರೂಪದಲ್ಲಿ ಬರಬಲ್ಲದು ಎಂದು ಕಣ್ಣಾರೆ ನೋಡಿದೆವಲ್ಲ. ಇ–ಖಾತಾಗೆ, ಗೃಹಜ್ಯೋತಿಗೆ ಅಂಥ ಎರಡು ಸಾಲು ಬರೆದುಕೊಡಲು ಏನು ಕಷ್ಟ?

ಕಳ್ಳರನ್ನು ಹಿಡಿಯಲು ಮನುಷ್ಯರ ದಾಖಲೆ ಬೇಕೇ ಬೇಕು ಎನ್ನುವವರು ಫ್ರಾನ್ಸ್ ಕಡೆ ನೋಡಬಹುದು. ಅಲ್ಲಿ ಮನೆಗೆ ಈಜುಕೊಳ ಕಟ್ಟಿಸಿದರೆ ತೆರಿಗೆ ಹೆಚ್ಚು, ಹಾಗಾಗಿ ಜನ ಹೇಳುತ್ತಿರಲಿಲ್ಲ. ತೆರಿಗೆ ಇಲಾಖೆ ವಿಮಾನದಿಂದ ತೆಗೆದ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಟ್ಟು, 2022ರಲ್ಲಿ ಒಂಬತ್ತು ಜಿಲ್ಲೆಗಳಲ್ಲಿ 20,000ಕ್ಕೂ ಹೆಚ್ಚು ಘೋಷಿಸದ ಕೊಳಗಳನ್ನು ಪತ್ತೆ ಮಾಡಿ ಸುಮಾರು ಒಂದು ಕೋಟಿ ಯೂರೊ ವಸೂಲಿಗೆ ದಾರಿ ಮಾಡಿತು. ಇದನ್ನೂ ಆಕ್ಷೇಪಿಸಿದವರಿದ್ದಾರೆ, ಯಂತ್ರ ಕೆಲವು ಕಡೆ ಬೇರೇನನ್ನೋ ಕೊಳ ಎಂದು ತಿಳಿದದ್ದೂ ಇದೆ. ಆದರೂ ಅವರು ನೋಡಿದ್ದು ಕೊಳವನ್ನು, ಅದರಲ್ಲಿ ಈಜುವವರನ್ನಲ್ಲ. ಮಹಡಿ ಮೇಲೆ ಮಹಡಿ ಏರಿಸಿ ಒಂದಕ್ಕೇ ಕಂದಾಯ ಕಟ್ಟುವ ದೊಡ್ಡ ಕಟ್ಟಡಗಳು ನಮ್ಮಲ್ಲಿ ಆಕಾಶದಿಂದಲೂ ಕಾಣುತ್ತವೆ, ರಸ್ತೆಯಿಂದಲೂ ಕಾಣುತ್ತವೆ. ಅಳತೆ ಟೇಪು ಹಿಡಿದು ಅಲ್ಲಿಗೆ ಹೋಗಲು ಯಾರ ಆಧಾರ್ ನಂಬರೂ ಬೇಡ. ದಾಖಲೆ ಜೋಡಿಸಿ ಹುಡುಕುವ ಉತ್ಸಾಹದಲ್ಲಿ ಸಿಕ್ಕಿಬೀಳುವುದು ಬಹುಪಾಲು ಕಾಗದ ಸರಿಯಿಲ್ಲದ ಬಡವರು. ಕಾಗದವನ್ನು ಚೊಕ್ಕವಾಗಿ ಇಡಲು ಲೆಕ್ಕಪರಿಶೋಧಕರನ್ನು ಇಟ್ಟುಕೊಂಡವರು ಯಾವ ಜಾಯಿನ್‌ಗೂ ಸುಲಭವಾಗಿ ಸಿಗುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮೀಟರ್ ವಾಣಿಜ್ಯವೋ ವಾಸದ್ದೋ ಎಂಬ ಒಂದು ಅಂಶ ಕಂದಾಯದವರಿಗೆ ಬೇಕಾದರೆ ಅದೊಂದನ್ನೇ ಕೊಡಲಿ, ಬಾಡಿಗೆದಾರರ ಆಧಾರ್ ಅದರ ಬೆನ್ನಿಗೆ ಹೋಗದಿರಲಿ. ಜಾಲತಾಣದಲ್ಲಿ ಸ್ವತ್ತಿನ ಸಂಖ್ಯೆ ಹಾಕಿದವರಿಗೆ ಬಾಕಿ ಎಷ್ಟು ಎಂದು ತೋರಿಸಲಿ, ಮಾಲೀಕರ ಹೆಸರು, ಫೋನ್ ನಂಬರ್ ಓಟಿಪಿ ದಾಟಿದವರಿಗೆ ಮಾತ್ರ ಕಾಣಲಿ. ಲಕ್ಷಾಂತರ ರೂಪಾಯಿ ಬಾಕಿ ಇರುವ ದೊಡ್ಡ ಕಟ್ಟಡಗಳ ಪಟ್ಟಿ ಪ್ರಕಟಿಸಬೇಕೇ, ಧಾರಾಳವಾಗಿ ಪ್ರಕಟಿಸಲಿ. ಎರಡು ವರ್ಷ ಕಟ್ಟದ ವಿಧವೆಯ ಮನೆಯ ಮೇಲೆ ಚೀಟಿ ಅಂಟಿಸುವುದು ಬೇರೆ ಮಾತು. ಕಂಪ್ಯೂಟರ್ ತಾಳೆಯಲ್ಲಿ ತಪ್ಪು ಕಂಡರೆ ನೋಟಿಸ್ ಕಳಿಸುವ ಮೊದಲು ಒಬ್ಬ ಮನುಷ್ಯ ಆ ಬೀದಿಗೆ ಬಂದು ನೋಡಲಿ. ವಾರ್ಡಿನ ಬಿಲ್ ಕಲೆಕ್ಟರ್ ಇನ್ನೂ ಇದ್ದಾರಲ್ಲ, ಅವರಿಗೆ ‘ಕೋಂ’ ಅರ್ಥವಾಗುತ್ತದೆ. ವಯಸ್ಸಾದವರು ಮಧ್ಯವರ್ತಿಯ ವಾಟ್ಸ್‌ಆ್ಯಪ್‌ಗೆ ದಾಖಲೆ ಹಾಕುವ ಬದಲು ವಲಯ ಕಚೇರಿಯಲ್ಲೇ ಕೂತು ಅರ್ಜಿ ತುಂಬಿಸುವ ಒಂದು ಮೇಜು ಇರಲಿ.

ಇನ್ನೊಂದಿದೆ. ದಾಖಲೆಗಳನ್ನು ಜೋಡಿಸಿ ನಮಗೆ ನೋಟಿಸ್ ಕೊಡುವುದಾದರೆ ಅದರಲ್ಲಿ ಒಂದು ಕಾಲಂ ಸೇರಿಸಲಿ: ಈ ಮಾಹಿತಿ ಯಾವ ಇಲಾಖೆಯಿಂದ, ಯಾವ ದಿನ ಬಂತು, ತಪ್ಪಿದ್ದರೆ ಎಲ್ಲಿ ತಿದ್ದಿಸಬೇಕು. ಅಷ್ಟು ಬರೆದಿದ್ದರೆ ಜನ ಕತ್ತಲೆಯಲ್ಲಿ ತಡಕಾಡುವುದು ತಪ್ಪುತ್ತದೆ, ಕಚೇರಿಗೂ ಮೂರು ಸಲ ವಾಪಸ್ ಕಳಿಸುವ ಕೆಲಸ ಉಳಿಯುತ್ತದೆ. ಪ್ರತಿ ಸಾಲಿಗೂ ಅದರ ಮೂಲ ಬರೆದಿಡುವುದು ಡೇಟಾಬೇಸಿನಲ್ಲಿ ಹೊಸ ವಿದ್ಯೆಯೇನಲ್ಲ. ತಂತ್ರಾಂಶದವರು ಕಷ್ಟ ಎಂದರೆ ನಮ್ಮ ತರಗತಿಯಲ್ಲಿ ಯಾರನ್ನಾದರೂ ಕರೆಯಿರಿ, ಲ್ಯಾಬ್ ಪರೀಕ್ಷೆ ಮುಗಿದ ಮಾರನೇ ದಿನವೇ ಬಂದು ಮಾಡಿಕೊಡುತ್ತೇವೆ.